ಪರಂಗಿಕಾಯಿಯ ಹಾಲು ಮತ್ತು ಒಂದು ಪುಟ್ಟ ಸೀಸೆ

ಕಳೆದ ಭಾನುವಾರ ಹಿತ್ತಿಲಿನ ಪರಂಗಿ ಗಿಡದಿಂದ ಒಂದು ಎಳೆಗಾಯಿಯನ್ನು ಕೀಳುತ್ತಿದ್ದಾಗ ತೊಟ್ಟಿನಿಂದ ಸುರಿದ ಹಾಲು ಮುಂಗೈಗೆ ತಗುಲಿ ತುರಿಕೆ ಆರಂಭವಾಯಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನನ್ನಾಕೆ, "ಕೈ ತೊಳೆದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಇದನ್ನೇ ಮೂವತ್ತು ವರ್ಷ ಪಾಠ ಮಾಡಿದವರಿಗೆ ನಾನು ಹೇಳಬೇಕೆ?" ಎಂದು ನಕ್ಕಳು.

ಹೌದು, ಇದನ್ನೇ ಪಾಠ ಮಾಡಿದ್ದೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ಆ ಪ್ರಯೋಗ ನೆನಪಿರಬಹುದು. ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಅಂದರೆ 1978ರಲ್ಲಿ, ಮೊದಲ ಬಾರಿಗೆ ಅದನ್ನು ಮಾಡಿ ತೋರಿಸಿದೆ. ಬೇಯಿಸಿದ ಕೋಳಿಮೊಟ್ಟೆಯ ಬಿಳಿಭಾಗವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಎರಡು ಗಾಜಿನ ಲೋಟಗಳಲ್ಲಿ ಹಾಕುವುದು. ಒಂದಕ್ಕೆ ಹಸಿ ಪರಂಗಿಕಾಯಿಯ ಹಾಲು ಬೆರೆಸಿದ ನೀರು, ಇನ್ನೊಂದಕ್ಕೆ ಅದೇ ಹಾಲನ್ನು ಚೆನ್ನಾಗಿ ಕುದಿಸಿ ಆರಿಸಿದ ನೀರು. ಎರಡನ್ನೂ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಮರುದಿನ ನೋಡುವುದು. ಮೊದಲನೆಯ ಲೋಟದ ತುಂಡುಗಳು ಕರಗಿ ಅಂಚು ಮಾಸಿರುತ್ತಿದ್ದವು. ಎರಡನೆಯದರಲ್ಲಿ ಹಾಗೆಯೇ ಇರುತ್ತಿದ್ದವು. ಶಾಲೆಯೊಳಗೆ ಮೊಟ್ಟೆ ತಂದದ್ದಕ್ಕೆ ಊರಿನ ಇಬ್ಬರು ಹಿರಿಯರು ಮುಖ್ಯೋಪಾಧ್ಯಾಯರ ಬಳಿ ದೂರು ಒಯ್ದದ್ದೂ, ಅವರು "ವಿಜ್ಞಾನಕ್ಕೆ ಮಡಿ ಇಲ್ಲ" ಎಂದು ಹೇಳಿ ಕಾಫಿ ಕುಡಿಸಿ ಕಳುಹಿಸಿದ್ದೂ ಬೇರೆಯ ಕಥೆ.

ಪರಂಗಿ ಹಾಲಿನಲ್ಲಿ ಪಪೈನ್ ಎಂಬ ಕಿಣ್ವವಿದೆ. ಅದು ಸಸಾರಜನಕವನ್ನು, ಈಗ ಎಲ್ಲರೂ ಹೇಳುವಂತೆ ಪ್ರೋಟೀನನ್ನು, ತುಂಡರಿಸುತ್ತದೆ. ಕುದಿಸಿದರೆ ಕಿಣ್ವ ಕೆಡುತ್ತದೆ. ಇಷ್ಟನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುತ್ತಿದ್ದೆ. ಆ ಎರಡು ಲೋಟಗಳಲ್ಲಿದ್ದ ಪಾಠವನ್ನು ನಾನೇ ಪೂರ್ತಿ ಕಲಿಯಲು 2015 ಬರಬೇಕಾಯಿತು. ಆ ವಿಚಾರವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನನ್ನಾಕೆಯ ಅನುಮತಿ ಕೇಳಿದೆ. "ಬರೆಯಿರಿ. ಆದರೆ ಓದಿದವರು ಫೋನು ಮಾಡಿ ಅಳುವ ಹಾಗೆ ಬರೆಯಬೇಡಿ" ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿದೆ.

ಮೊದಲು ಪಪೈನ್‌ನ ಕಥೆ. ನಾನು ಹಳ್ಳಿಯ ಶಾಲೆಯಲ್ಲಿ ಲೋಟಗಳನ್ನು ಕಿಟಕಿಯಲ್ಲಿಟ್ಟ ಅದೇ 1978ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಇದೇ ಪರಂಗಿ ಹಾಲನ್ನು ನಂಬಿ ಒಂದು ಕಂಪನಿ ಹುಟ್ಟಿತು. ಹುಟ್ಟುಹಾಕಿದವರು ಇಪ್ಪತ್ತೈದು ವರ್ಷದ ಕಿರಣ್ ಮಜುಂದಾರ್. ಅವರ ತಂದೆ ಯುನೈಟೆಡ್ ಬ್ರೂವರೀಸ್‌ನಲ್ಲಿ ಬಿಯರ್ ತಯಾರಿಕೆಯ ಮುಖ್ಯಸ್ಥರು. ಮಗಳೂ ಆಸ್ಟ್ರೇಲಿಯಾದ ಬಲ್ಲಾರಟ್‌ಗೆ ಹೋಗಿ ಅದೇ ವಿದ್ಯೆಯನ್ನು ಕಲಿತು ಬಂದರು. ಆದರೆ ಇಲ್ಲಿ, ಅದು ಗಂಡಸರ ಕೆಲಸ ಎಂದು ಯಾರೂ ನೌಕರಿ ಕೊಡಲಿಲ್ಲ. ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಎಂಬ ಸಂಸ್ಥೆಯ ಲೆಸ್ಲಿ ಆಚಿನ್‌ಕ್ಲಾಸ್ ಎಂಬವರ ಜೊತೆ ಸೇರಿ, ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಅವರು ಬಯೋಕಾನ್ ಇಂಡಿಯಾ ಆರಂಭಿಸಿದರು. ಮೊದಲ ಉತ್ಪನ್ನಗಳು ಎರಡು: ಪರಂಗಿ ಹಾಲಿನ ಪಪೈನ್, ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಐಸಿಂಗ್ಲಾಸ್ ಬಿಯರನ್ನು ತಿಳಿಗೊಳಿಸುತ್ತದೆ. ಪಪೈನ್ ಮಾಂಸವನ್ನು ಮೆದುವಾಗಿಸುವುದಕ್ಕೂ ಬಳಕೆಯಾಗುತ್ತದೆ. ನಮ್ಮ ಕಡೆ ಮಾಂಸದಡುಗೆ ಮಾಡುವ ಮನೆಗಳಲ್ಲಿ ಗಟ್ಟಿಮಾಂಸ ಬೇಯಲೆಂದು ಪರಂಗಿಕಾಯಿಯ ಚೂರು ಹಾಕುತ್ತಿದ್ದರಲ್ಲ, ಅದೇ ವಿದ್ಯೆ.

ಪಪೈನ್‌ನಿಂದ ಆದ ಇನ್ನೊಂದು ಉಪಕಾರವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ. 1950ರ ದಶಕದ ಕೊನೆಯಲ್ಲಿ ರಾಡ್ನಿ ಪೋರ್ಟರ್ ಎಂಬ ಇಂಗ್ಲಿಷ್ ವಿಜ್ಞಾನಿ, ರಕ್ತದಲ್ಲಿರುವ ಪ್ರತಿಕಾಯಗಳ ರಚನೆ ಎಂತಹುದೆಂದು ತಿಳಿಯಲು ಹೊರಟರು. ಪ್ರತಿಕಾಯ ಎಂದರೆ ಹೊರಗಿನಿಂದ ಬಂದ ರೋಗಾಣುವನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರೋಟೀನ್. ಅದು ಬಹಳ ದೊಡ್ಡ ಅಣು. ಇಡಿಯಾಗಿ ಅದನ್ನು ಅರಿಯುವುದು ಆ ಕಾಲಕ್ಕೆ ಅಸಾಧ್ಯವಾಗಿತ್ತು. ಅವರು ಮೊಲದ ಪ್ರತಿಕಾಯಕ್ಕೆ ಪಪೈನ್ ಬೆರೆಸಿದರು. ಅದು ಮನಸ್ಸಿಗೆ ಬಂದಂತೆ ಚೂರಾಗದೆ ಅಚ್ಚುಕಟ್ಟಾಗಿ ಮೂರು ತುಂಡಾಯಿತು. ಎರಡು ತುಂಡುಗಳು ಶತ್ರುವನ್ನು ಹಿಡಿಯುವ ಕೈಗಳು, ಮೂರನೆಯದು ಕಾಂಡ. ಪ್ರತಿಕಾಯವು ಕವಲೊಡೆದ ಕೊಂಬೆಯಂತೆ, ಇಂಗ್ಲಿಷಿನ ವೈ ಅಕ್ಷರದಂತೆ ಇರುತ್ತದೆ ಎಂಬ ತಿಳಿವಿಗೆ ಅದು ದಾರಿಯಾಯಿತು. 1972ರಲ್ಲಿ ಜೆರಾಲ್ಡ್ ಎಡೆಲ್ಮನ್ ಅವರೊಂದಿಗೆ ಪೋರ್ಟರ್ ಅವರಿಗೆ ನೊಬೆಲ್ ಪುರಸ್ಕಾರ ಬಂದಿತು. ನನ್ನ ಮುಂಗೈಯನ್ನು ತುರಿಸಿದ ಹಾಲಿನಲ್ಲಿರುವುದೂ ಅದೇ ಕತ್ತರಿ!

ಇಲ್ಲಿಂದ ಮುಂದಿನ ದಾರಿ ವೇಗವಾದದ್ದು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೊಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಒಂದೇ ಗುರಿಯನ್ನು ಹಿಡಿಯುವ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ಉಪಾಯ ಕಂಡುಹಿಡಿದರು. 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಮಾನವ ಇನ್ಸುಲಿನ್ ಔಷಧವಾಗಿ ಬಂದಿತು. ಇನ್ಸುಲಿನ್ ಕೂಡ ಪ್ರೋಟೀನೇ. ನಮ್ಮ ದೊಡ್ಡಪ್ಪನವರು ಚುಚ್ಚಿಕೊಳ್ಳುತ್ತಿದ್ದುದು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು. ಮನೆಯಲ್ಲಿ ಫ್ರಿಜ್ ಇಲ್ಲದ ಕಾಲ; ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಅದನ್ನು ಇಡುತ್ತಿದ್ದರು. "ಮಾತ್ರೆ ಕೊಡಬಾರದೇ?" ಎಂದು ಅವರು ಡಾಕ್ಟರನ್ನು ಬೇಡುತ್ತಿದ್ದುದು ನೆನಪಿದೆ. ಕೊಡಲು ಬರುವಂತಿರಲಿಲ್ಲ. ನುಂಗಿದರೆ ಜಠರವು ಇನ್ಸುಲಿನ್ನನ್ನೂ ಬೇಳೆಯ ಪ್ರೋಟೀನಿನಂತೆಯೇ ಜೀರ್ಣಿಸಿಬಿಡುತ್ತದೆ. ನನ್ನ ಮೊದಲನೆಯ ಲೋಟದಲ್ಲಿ ಆಗುತ್ತಿದ್ದುದೂ ಅದೇ.

ಬೆಂಗಳೂರಿನ ಆ ಕಂಪನಿಯೂ ಕಿಣ್ವಗಳಿಂದ ಔಷಧಗಳತ್ತ ತಿರುಗಿತು. 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. 2006ರಲ್ಲಿ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧವನ್ನು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗಾಗಿ ಬಿಡುಗಡೆ ಮಾಡಿತು. ಹೊಗೆಸೊಪ್ಪು ಜಗಿಯುವ ನಮ್ಮ ನಾಡಿನಲ್ಲಿ ಬಾಯಿಯ ಕ್ಯಾನ್ಸರ್ ಎಷ್ಟು ಮನೆಗಳನ್ನು ಮುರಿದಿದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅಚ್ಚರಿಯ ಸಂಗತಿಯೆಂದರೆ ಆ ಔಷಧದ ಮೂಲ ಅಮೆರಿಕವೂ ಅಲ್ಲ, ಯೂರೋಪೂ ಅಲ್ಲ. ಕ್ಯೂಬಾ ದೇಶದ ಹವಾನಾದಲ್ಲಿರುವ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಅದು ಹುಟ್ಟಿತ್ತು. ಮರುವರ್ಷ, 2007ರಲ್ಲಿ, ಕಂಪನಿಯು ತನ್ನ ಹಳೆಯ ಕಿಣ್ವಗಳ ವ್ಯಾಪಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್ ಸಂಸ್ಥೆಗೆ ಮಾರಿಬಿಟ್ಟಿತು. ಪರಂಗಿ ಹಾಲಿನ ಅಧ್ಯಾಯ ಅಲ್ಲಿಗೆ ಮುಗಿಯಿತು.

ಇವೆಲ್ಲ ನನಗೆ ಪತ್ರಿಕೆಯ ಸುದ್ದಿಗಳು ಮಾತ್ರವಾಗಿದ್ದವು, 2015ರವರೆಗೆ.

ಆ ವರ್ಷ ಯುಗಾದಿಯ ನಂತರ ನನ್ನಾಕೆಗೆ ಎಡ ಎದೆಯಲ್ಲಿ ಗಂಟು ಕಂಡಿತು. ನಮ್ಮ ಅತ್ತೆಯವರೂ, ಅಂದರೆ ಆಕೆಯ ತಾಯಿ, ಇದೇ ರೋಗದಿಂದ ಹೋದವರು. ಅವರು ಅದನ್ನು ಎರಡು ವರ್ಷ ಸೆರಗಿನಲ್ಲಿ ಮುಚ್ಚಿಟ್ಟಿದ್ದರು. ಆಕೆ ಮುಚ್ಚಿಡಲಿಲ್ಲ, ಮೂರನೆಯ ದಿನವೇ ನನಗೆ ಹೇಳಿದಳು. ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆಯ ತುಣುಕನ್ನು ಪರೀಕ್ಷಿಸಿ "ಹರ್-2 ಪಾಸಿಟಿವ್" ಎಂದು ಬರೆದುಕೊಟ್ಟರು.

ಅದರ ಅರ್ಥವನ್ನು ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಜೀವಕೋಶದ ಮೈಮೇಲೆ "ಬೆಳೆ, ಇಬ್ಭಾಗವಾಗು" ಎಂಬ ಸೂಚನೆಯನ್ನು ಒಳಗೆ ಮುಟ್ಟಿಸುವ ಪ್ರೋಟೀನುಗಳಿರುತ್ತವೆ, ಹರ್-2 ಅವುಗಳಲ್ಲೊಂದು. ಸ್ತನ ಕ್ಯಾನ್ಸರಿನ ನೂರು ರೋಗಿಗಳಲ್ಲಿ ಹದಿನೈದರಿಂದ ಇಪ್ಪತ್ತು ಮಂದಿಯಲ್ಲಿ ಇದು ಮಿತಿಮೀರಿ ಇರುತ್ತದೆ. ಅಂಥ ಗಡ್ಡೆ ಬೇಗ ಬೆಳೆಯುತ್ತದೆ, ಬೇಗ ಹರಡುತ್ತದೆ. ಅಮೆರಿಕದ ಡೆನಿಸ್ ಸ್ಲೇಮನ್ ಎಂಬ ವೈದ್ಯರು 1987ರಲ್ಲಿ ಈ ಸಂಬಂಧವನ್ನು ತೋರಿಸಿಕೊಟ್ಟಿದ್ದರು. ಅದೇ ಹರ್-2ನ್ನು ಹುಡುಕಿ ಹಿಡಿದು ಅದುಮುವ ಪ್ರತಿಕಾಯವೇ ಟ್ರಾಸ್ಟುಜುಮ್ಯಾಬ್. 1998ರಲ್ಲಿ ಅಲ್ಲಿ ಬಳಕೆಗೆ ಬಂದಿತು. ಆರಂಭದ ಹಂತದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ನಂತರ ಕೀಮೋಥೆರಪಿಯೊಂದಿಗೆ ಕೊಟ್ಟರೆ ರೋಗ ಮರುಕಳಿಸುವ ಸಂಭವ ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆಂದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ತೋರಿಸಿದ್ದವು.

ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ, ಒಟ್ಟು ಹದಿನೆಂಟು ಬಾರಿ. ಒಮ್ಮೆ ಕಲಸಿದ ಸೀಸೆಯಲ್ಲಿ ಉಳಿದದ್ದನ್ನು ತಣ್ಣಗಿಟ್ಟು ಮುಂದಿನ ಬಾರಿಗೆ ಬಳಸಬಹುದಾದ್ದರಿಂದ ಆಕೆಯ ತೂಕಕ್ಕೆ ಸುಮಾರು ಹದಿನಾಲ್ಕು ಸೀಸೆ ಬೇಕೆಂದು ಲೆಕ್ಕ ಹಾಕಿದರು. ಆಮೇಲೆ ಡಾಕ್ಟರು, "ಎರಡು ಬಗೆ ಇದೆ. ಒಂದು ಮೂಲ ಕಂಪನಿಯದು. ಇನ್ನೊಂದು ನಮ್ಮ ಬೆಂಗಳೂರಿನದು. ಯೋಚಿಸಿ ಹೇಳಿ" ಎಂದರು.

ಎರಡನೆಯದು ಬಯೋಕಾನ್‌ನ ಕ್ಯಾನ್‌ಮ್ಯಾಬ್. ಮೂಲ ಔಷಧದ ಒಡೆಯರಾದ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯವರು 2013ರಲ್ಲಿ ಭಾರತದ ಪೇಟೆಂಟನ್ನು ಕೈಬಿಟ್ಟಿದ್ದರು. 2014ರ ಆರಂಭದಲ್ಲಿ ಕ್ಯಾನ್‌ಮ್ಯಾಬ್ ಅಂಗಡಿಗೆ ಬಂದಿತ್ತು. 440 ಮಿಲಿಗ್ರಾಂ ಸೀಸೆಗೆ ಸುಮಾರು 57,500 ರೂಪಾಯಿ. ಮೂಲ ಔಷಧಕ್ಕಿಂತ ಕಾಲು ಭಾಗದಷ್ಟು ಅಗ್ಗ. ಅಗ್ಗದ್ದೇ ಎಂಟು ಲಕ್ಷ! ಮೂಲದ್ದಾದರೆ ಇನ್ನೂ ಎರಡೂವರೆ ಲಕ್ಷಕ್ಕೆ ಮಿಕ್ಕಿ.

ನನಗೆ ಸಂಶಯ ಹತ್ತಿತು. ನಮ್ಮ ಪೀಳಿಗೆಯವರಿಗೆ "ಡೂಪ್ಲಿಕೇಟ್" ಎಂಬ ಮಾತಿನ ಭಯ ದೊಡ್ಡದು. ರೋಶ್‌ನವರು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದ ಸುದ್ದಿಯನ್ನೂ ಓದಿದ್ದೆ. ಔಷಧದ ಹೆಸರಿನ ಜೊತೆಗೆ ಬರೆಯುತ್ತಿದ್ದ ಪದವಾದರೂ ಏನು? "ಬಯೋಸಿಮಿಲರ್", ಹೋಲುವಂಥದ್ದು. ಹೋಲುವಂಥದ್ದು ಏಕೆ, ಅದೇ ಏಕಿಲ್ಲ? ಹೆಂಡತಿಯ ಜೀವದ ಪ್ರಶ್ನೆ ಬಂದಾಗ "ಹೆಚ್ಚುಕಡಿಮೆ ಅದರಂತೆ" ಎಂಬುದು ಸಾಕೇ? ಊರಿನ ತೆಂಗಿನ ತೋಟದಲ್ಲಿ ನನ್ನ ಪಾಲನ್ನು ಕೊಟ್ಟುಬಿಡಲು ತಮ್ಮನಿಗೆ ಫೋನು ಮಾಡಿದೆ. ಆಕೆಗೆ ಹೇಳಲಿಲ್ಲ.

ಆ ವಾರವೇ ನಿಮ್ಮಲ್ಲೊಬ್ಬ ಮನೆಗೆ ಬಂದ. ತನ್ನ ಹೆಸರು ಬರೆಯಕೂಡದೆಂದು ಹೇಳಿರುವುದರಿಂದ ಬರೆಯುವುದಿಲ್ಲ. ಇಂಥ ಔಷಧಗಳನ್ನೇ ತಯಾರಿಸುವ ಒಂದು ಕಾರ್ಖಾನೆಯ ಗುಣಪರೀಕ್ಷೆಯ ವಿಭಾಗದಲ್ಲಿ ಅವನ ಕೆಲಸ. ಅಮ್ಮನವರನ್ನು ನೋಡಲು ಹಣ್ಣು ಹಿಡಿದು ಬಂದಿದ್ದ. ಜಗಲಿಯಲ್ಲಿ ಕುಳಿತು ನನ್ನ ಸಂಶಯವನ್ನು ತೋಡಿಕೊಂಡೆ.

"ಮೇಷ್ಟ್ರೇ, ಆಸ್ಪಿರಿನ್ ಅಣುವಿನಲ್ಲಿ ಎಷ್ಟು ಪರಮಾಣುಗಳಿವೆ?" ಎಂದು ಕೇಳಿದ.

"ಇಪ್ಪತ್ತೊಂದು" ಎಂದೆ. ಇನ್ನೂ ಮರೆತಿರಲಿಲ್ಲ.

"ಈ ಪ್ರತಿಕಾಯದಲ್ಲಿ ಇಪ್ಪತ್ತು ಸಾವಿರದ ಆಸುಪಾಸು. ಸುಮಾರು ಸಾವಿರದ ಮುನ್ನೂರು ಅಮೈನೋ ಆಮ್ಲಗಳು, ನಾಲ್ಕು ಸರಪಳಿ. ಅವು ಸರಿಯಾಗಿ ಮಡಚಿಕೊಳ್ಳಬೇಕು. ಮೇಲೆ ಸಕ್ಕರೆಯ ಕುಚ್ಚುಗಳು ಸೇರಬೇಕು. ಆಸ್ಪಿರಿನ್ನನ್ನು ಪಾತ್ರೆಯಲ್ಲಿ ರಾಸಾಯನಿಕಗಳನ್ನು ಕೂಡಿಸಿ ಮಾಡಬಹುದು. ಯಾರು ಮಾಡಿದರೂ ಅದೇ ಅಣು. ಇದನ್ನು ಹಾಗೆ ಮಾಡುವವರು ಯಾರೂ ಇಲ್ಲ. ಇದನ್ನು ಮಾಡುವುದು ಜೀವಕೋಶಗಳು."

ಆ ಜೀವಕೋಶಗಳ ವೃತ್ತಾಂತವೂ ಸ್ವಾರಸ್ಯವಾದದ್ದು. ಚೀನಾ ಮೂಲದ ಹ್ಯಾಮ್‌ಸ್ಟರ್ ಎಂಬ, ಇಲಿಯ ಜಾತಿಯ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಥಿಯೋಡೋರ್ ಪಕ್ ಎಂಬ ಅಮೆರಿಕನ್ ವಿಜ್ಞಾನಿ ಬೇರ್ಪಡಿಸಿದ ಕೋಶಗಳ ಸಂತತಿ ಅವು. ಇಂದಿಗೂ ಪ್ರಪಂಚದ ಬಹುಪಾಲು ಪ್ರತಿಕಾಯ ಔಷಧಗಳು ಅವುಗಳಲ್ಲೇ ತಯಾರಾಗುತ್ತವೆ. ಬೇಕಾದ ಪ್ರತಿಕಾಯದ ವಂಶವಾಹಿಯನ್ನು ಕೋಶದೊಳಗೆ ಸೇರಿಸಿ, ಸಾವಿರಾರು ಲೀಟರಿನ ಉಕ್ಕಿನ ತೊಟ್ಟಿಯಲ್ಲಿ ನಮ್ಮ ಮೈಯಷ್ಟೇ ಬೆಚ್ಚಗೆ, ಗಾಳಿ ಆಹಾರ ಕೊಟ್ಟು, ಸುಮಾರು ಎರಡು ವಾರ ಸಾಕುತ್ತಾರೆ. ಅವು ಪ್ರತಿಕಾಯವನ್ನು ತಯಾರಿಸಿ ಹೊರಗೆ ಬಿಡುತ್ತವೆ. ಆಮೇಲೆ ಶುದ್ಧೀಕರಣ, ಅನಂತರ ಪರೀಕ್ಷೆಗಳ ಸಾಲು. "ತೊಟ್ಟಿಯ ಉಷ್ಣತೆ, ಆಮ್ಲತೆ ಸ್ವಲ್ಪ ಆಚೀಚೆ ಆದರೂ ಸಕ್ಕರೆಯ ಕುಚ್ಚು ಬದಲಾಗುತ್ತದೆ ಮೇಷ್ಟ್ರೇ. ಮೂಲ ಕಂಪನಿಯವರ ಈ ವರ್ಷದ ತೊಟ್ಟಿಯೂ ಹೋದ ವರ್ಷದ ತೊಟ್ಟಿಯೂ ಅಕ್ಷರಶಃ ಒಂದೇ ಅಲ್ಲ. ಅವರ ಔಷಧವೂ ತನ್ನನ್ನು ತಾನು ಹೋಲುತ್ತದೆ, ಅಷ್ಟೆ. ಇಷ್ಟರೊಳಗೆ ಇರಬೇಕು ಎಂಬ ಮಿತಿ ಇದೆ. ಬಯೋಸಿಮಿಲರ್ ಕೂಡ ಆ ಮಿತಿಯೊಳಗೆ ನಿಲ್ಲಬೇಕು."

"ಅಂದರೆ ನಕಲು?" ಎಂದೆ.

ಅವನು ನಕ್ಕ. "ನಕಲು ಮಾಡಲು ಮೂಲದವರು ತಮ್ಮ ಜೀವಕೋಶವನ್ನೂ ಕೊಡುವುದಿಲ್ಲ, ವಿಧಾನವನ್ನೂ ಹೇಳುವುದಿಲ್ಲ. ಅಂಗಡಿಯಿಂದ ಅವರ ಸೀಸೆ ತಂದು ಅಳೆದು ಅಳೆದು, ನಮ್ಮದೇ ಕೋಶ, ನಮ್ಮದೇ ದಾರಿ ಹುಡುಕಬೇಕು. ನೀವೇ ಒಮ್ಮೆ ನನ್ನನ್ನೂ ಪಕ್ಕದವನನ್ನೂ ನಿಲ್ಲಿಸಿಕೊಂಡು, ಒಂದೇ ಉತ್ತರ ಬರೆದಿದ್ದೀರಲ್ಲ ಎಂದು ಗದರಿಸಿರಲಿಲ್ಲವೇ? ಆಮೇಲೆ ಇಬ್ಬರನ್ನೂ ಬೇರೆ ಬೇರೆ ಪ್ರಶ್ನೆ ಕೇಳಿ, ಇಬ್ಬರಿಗೂ ಅರ್ಥವಾಗಿದೆ ಎಂದು ಪೂರ್ತಿ ಅಂಕ ಕೊಟ್ಟಿರಿ. ಹಾಗೆಯೇ ಇದೂ. ಮತ್ತೆ ಮತ್ತೆ ಪ್ರಶ್ನೆ ಕೇಳಿ ನೋಡಬೇಕು."

ನಾನು ಮೌನವಾದೆ. ಅವನು ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಿದ. ಇಲ್ಲಿ ಒಪ್ಪಿಗೆ ಸಿಕ್ಕಿದ್ದರೂ ಹಲವು ದೇಶಗಳ ರೋಗಿಗಳ ಮೇಲೆ ನಡೆಯುತ್ತಿದ್ದ ದೊಡ್ಡ ಹೋಲಿಕೆಯ ಅಧ್ಯಯನ ಆಗಿನ್ನೂ ಮುಗಿದಿರಲಿಲ್ಲ. "ಅದು ಬರುವವರೆಗೆ ಅಮ್ಮನವರು ಕಾಯುವಂತಿಲ್ಲ. ನನ್ನ ತಾಯಿಗಾಗಿದ್ದರೆ ನಾನು ಇದನ್ನೇ ಕೊಡಿಸುತ್ತಿದ್ದೆ" ಎಂದ.

ಒಳಗಿನಿಂದ ಕಾಫಿ ತಂದ ನನ್ನಾಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತೋಟದ ವಿಷಯವೂ ಆಕೆಗೆ ತಮ್ಮನ ಹೆಂಡತಿಯಿಂದ ತಿಳಿದುಹೋಗಿತ್ತು. ಲೋಟವನ್ನು ಕೆಳಗಿಡುತ್ತ, "ರೀ, ಹುಡುಗನಿಗೆ ಪಾಠ ಹೇಳಿಕೊಟ್ಟವರು ನೀವು. ಈಗ ಅವನು ಹೇಳಿದ್ದನ್ನು ನಂಬುವುದಿಲ್ಲ ಎಂದರೆ ನಿಮ್ಮ ಪಾಠವನ್ನೇ ನಂಬುವುದಿಲ್ಲ ಎಂದ ಹಾಗಲ್ಲವೇ? ತೋಟ ಇರಲಿ" ಎಂದಳು. ತೀರ್ಮಾನವಾಯಿತು. ಮರುದಿನ ಡಾಕ್ಟರೊಂದಿಗೆ ಇನ್ನೊಮ್ಮೆ ಮಾತನಾಡಿ ಬೆಂಗಳೂರಿನ ಸೀಸೆಯನ್ನೇ ಆರಿಸಿಕೊಂಡೆವು.

ಮೊದಲ ದಿನ ನಾನು ಪಕ್ಕದಲ್ಲೇ ನಿಂತು ನೋಡಿದೆ. ಸೀಸೆಯ ತಳದಲ್ಲಿ ಬಿಳಿಯ ಪುಡಿ. ನರ್ಸಮ್ಮ ಅದಕ್ಕೆ ನೀರು ಸೇರಿಸಿ, ಅಂಗೈಯಲ್ಲಿ ಹಿಡಿದು ಮೆಲ್ಲನೆ, ಬಹಳ ಮೆಲ್ಲನೆ ತಿರುಗಿಸತೊಡಗಿದರು. "ಕುಲುಕಿದರೆ ಬೇಗ ಆಗುವುದಿಲ್ಲವೇನಮ್ಮ?" ಎಂದು ಕೇಳಿದೆ. "ಕುಲುಕಬಾರದು ಸಾರ್, ನೊರೆ ಬಂದು ಮದ್ದು ಕೆಡುತ್ತದೆ" ಎಂದರು. ಆಗ ನನ್ನ ಎರಡನೆಯ ಲೋಟ ಕಣ್ಣಮುಂದೆ ಬಂದಿತು. ಮೊಟ್ಟೆಯ ಬಿಳಿಲೋಳೆಯನ್ನು ಬಿಸಿ ಮಾಡಿದರೂ, ರಭಸದಿಂದ ಕಡೆದರೂ ಅದು ಬದಲಾಗುತ್ತದೆ. ಅದರಲ್ಲಿರುವ ಪರಮಾಣುಗಳು ಅವೇ, ಸರಪಳಿಯೂ ಅದೇ; ಕೆಡುವುದು ಅದರ ಮಡಿಕೆ, ಅದರ ಆಕಾರ. ಪರಂಗಿ ಹಾಲನ್ನು ಕುದಿಸಿದಾಗಲೂ ಹೋದದ್ದು ಆಕಾರವೇ. ಪ್ರೋಟೀನಿನ ಕೆಲಸವೆಲ್ಲ ಅದರ ಆಕಾರದಲ್ಲಿದೆ. ಆದ್ದರಿಂದಲೇ ಈ ಸೀಸೆಗಳು ಕಾರ್ಖಾನೆಯಿಂದ ರೋಗಿಯ ತೋಳಿನವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಪ್ರಯಾಣ ಮಾಡಬೇಕು. "ಕುದಿಸಿದರೆ ಕಿಣ್ವ ಕೆಡುತ್ತದೆ" ಎಂದು ಮೂವತ್ತು ವರ್ಷ ಬರೆಸಿದ್ದೆ. ಏನು ಕೆಡುತ್ತದೆ ಎಂದು ಒಮ್ಮೆಯೂ ನಿಲ್ಲಿಸಿ ಹೇಳಿರಲಿಲ್ಲ. ಈಗ ಹೇಳಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ.

ಆ ವರ್ಷದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕೀಮೋಥೆರಪಿಯ ತಿಂಗಳುಗಳು ಕಷ್ಟದವು. ಈ ಔಷಧ ಹೃದಯವನ್ನು ದುರ್ಬಲಗೊಳಿಸಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ಎಕೋ ಪರೀಕ್ಷೆ ಇರುತ್ತಿತ್ತು. ಫಲಿತಾಂಶ ಬರುವವರೆಗೆ ಇಬ್ಬರೂ ಮಾತನಾಡುತ್ತಿರಲಿಲ್ಲ. ಹದಿನೆಂಟನೆಯದು ಮುಗಿದ ದಿನ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಮನೆಗೆ ಬಂದೆವು.

ಅವನು ಹೇಳಿದ್ದ ಅಧ್ಯಯನದ ಫಲಿತಾಂಶ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾದಾಗ, ನಾನು ಕೇಳದೆಯೇ ಅವನು ಅದನ್ನು ಮುದ್ರಿಸಿ ತಂದುಕೊಟ್ಟ. ರೋಗ ಹರಡಿದ್ದ ಸುಮಾರು 450 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಮೂಲ ಔಷಧ, ಉಳಿದವರಿಗೆ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳು ಸೇರಿ ತಯಾರಿಸಿದ್ದು. ಇಪ್ಪತ್ತನಾಲ್ಕು ವಾರಗಳ ನಂತರ ಗಡ್ಡೆ ಕುಗ್ಗಿದವರ ಪ್ರಮಾಣ ಮೂಲದಲ್ಲಿ ಶೇಕಡ 64.0, ಹೋಲಿಕೆಯದರಲ್ಲಿ ಶೇಕಡ 69.6. ಎರಡನೆಯದು ಹೆಚ್ಚು ಒಳ್ಳೆಯದೆಂದು ಇದರ ಅರ್ಥವಲ್ಲ; ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಎರಡೂ ಸರಿಸಮ ಎಂದಷ್ಟೇ ತಾತ್ಪರ್ಯ. 2017ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ನೀಡಿತು. ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್‌ಗಳಲ್ಲಿ ಅಲ್ಲಿ ಒಪ್ಪಿಗೆ ಪಡೆದ ಮೊದಲನೆಯದು ಅದು. ಮುದ್ರಿಸಿದ ಹಾಳೆಗಳನ್ನು ನನ್ನಾಕೆ ಪಂಚಾಂಗದ ಜೊತೆ ಎತ್ತಿಟ್ಟಿದ್ದಾಳೆ.

ಇನ್ನು ಬೇರೊಂದು ನೆನಪನ್ನು ಹೇಳದೆ ಮುಗಿಸಿದರೆ ಈ ಬರಹ ಅಪೂರ್ಣವಾಗುತ್ತದೆ. ಪ್ರತಿಕಾಯ ಔಷಧಗಳು ಕ್ಯಾನ್ಸರಿಗೆ ಮಾತ್ರವಲ್ಲ, ಉರಿಯೂತದ ರೋಗಗಳಿಗೂ ಬಂದಿವೆ. ನಮ್ಮನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ತಪ್ಪಾಗಿ ನಮ್ಮ ಕೀಲು, ಕರುಳು, ಚರ್ಮಗಳ ಮೇಲೆ ಬೀಳುವ ರೋಗಗಳು ಇವು. 2013ರಲ್ಲಿ ಬಯೋಕಾನ್ ಇಟೊಲಿಜುಮ್ಯಾಬ್ ಎಂಬ ಔಷಧವನ್ನು ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ತಂದಿತು. ಅದರ ಮೂಲವೂ ಹವಾನಾದ ಆ ಕೇಂದ್ರವೇ. ರಕ್ಷಣಾಕೋಶಗಳ ಮೈಮೇಲಿನ ಒಂದು ಪ್ರೋಟೀನನ್ನು ಹಿಡಿದು ಅವುಗಳ ಆವೇಶವನ್ನು ತಗ್ಗಿಸುವುದು ಅದರ ಕೆಲಸ. ಆ ಸುದ್ದಿಯ ಜೊತೆ ಪತ್ರಿಕೆಯಲ್ಲಿ, "ಸೋರಿಯಾಸಿಸ್ ಅಂಟುರೋಗವಲ್ಲ" ಎಂಬ ಒಂದು ಸಾಲಿತ್ತು.

ಆ ಸಾಲನ್ನು ಓದಿ ನಾನು ಬಹಳ ಹೊತ್ತು ಕುಳಿತಿದ್ದೆ. 1989ರ ಒಂಬತ್ತನೆಯ ತರಗತಿಯವರಲ್ಲಿ ಕೆಲವರಿಗೆ ನೆನಪಿರಬಹುದು. ಮೊಣಕೈ, ಮೊಣಕಾಲು, ತಲೆಯಲ್ಲೆಲ್ಲ ಕೆಂಪು ಕಲೆ ಎದ್ದು ಬಿಳಿಯ ಹೊಟ್ಟು ಉದುರುತ್ತಿದ್ದ ಹುಡುಗನೊಬ್ಬ ನಮ್ಮಲ್ಲಿದ್ದ. ಬೇರೆ ಮಕ್ಕಳ ತಂದೆತಾಯಿಗಳು ಬಂದು ಕೇಳಿಕೊಂಡರೆಂದು ನಾನು ಅವನನ್ನು ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂರಿಸಿದೆ. ಅವನು ಹತ್ತನೆಯ ತರಗತಿಗೆ ಬರಲಿಲ್ಲ. ಅದು ಅಂಟುವುದಿಲ್ಲ ಎಂಬುದು 1989ರಲ್ಲೂ ವೈದ್ಯರಿಗೆ ತಿಳಿದ ವಿಷಯವೇ. ತಾಲ್ಲೂಕು ಆಸ್ಪತ್ರೆ ನಮ್ಮ ಶಾಲೆಯಿಂದ ಆರು ಮೈಲಿ. ಸೈಕಲ್ಲಿನಲ್ಲಿ ಹೋಗಿ ಕೇಳಬಹುದಿತ್ತು. ವಿಜ್ಞಾನದ ಮೇಷ್ಟ್ರಾದ ನಾನು ಕೇಳಲಿಲ್ಲ. ಅವನು ಇದನ್ನು ಓದುವನೋ ಇಲ್ಲವೋ, ಅವನ ಜೊತೆ ಓದಿದವರಿಗೆ ಅವನ ಸುಳಿವಿದ್ದರೆ, ಮೇಷ್ಟ್ರು ತಪ್ಪು ಒಪ್ಪಿಕೊಂಡಿದ್ದಾರೆಂದು ದಯವಿಟ್ಟು ತಿಳಿಸಿ.

ನಮ್ಮೂರಿನ ಕಂಪನಿ ಎಂಬ ಅಭಿಮಾನದಿಂದ ಎಲ್ಲವನ್ನೂ ಹೊಗಳುತ್ತಿದ್ದೇನೆಂದು ತಿಳಿಯಬೇಡಿ. ಅದೇ ಇಟೊಲಿಜುಮ್ಯಾಬ್‌ಗೆ 2020ರ ಜುಲೈನಲ್ಲಿ, ಕೋವಿಡ್ ರೋಗಿಗಳಲ್ಲಿ ಉರಿಯೂತ ಮಿತಿಮೀರಿದಾಗ ತುರ್ತಾಗಿ ಬಳಸಲು ದೇಶದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಆಧಾರವಾಗಿದ್ದುದು ಕೇವಲ ಮೂವತ್ತು ರೋಗಿಗಳ ಅಧ್ಯಯನ. ಇಷ್ಟು ಸಾಲದು ಎಂದು ಹಲವು ತಜ್ಞರು ಆಕ್ಷೇಪಿಸಿದರು. ರಾಷ್ಟ್ರೀಯ ಚಿಕಿತ್ಸಾಕ್ರಮದಲ್ಲಿ ಅದನ್ನು ಸೇರಿಸಲಿಲ್ಲ. ನನ್ನ ಶಿಷ್ಯ ಹೇಳಿದ "ಮತ್ತೆ ಮತ್ತೆ ಪ್ರಶ್ನೆ ಕೇಳಿ ನೋಡಬೇಕು" ಎಂಬ ಮಾತು ನಮ್ಮವರಿಗೂ ಅನ್ವಯಿಸಬೇಕು. ಸಾವಿನ ಭಯವಿದ್ದಾಗ ಪರೀಕ್ಷೆಯನ್ನು ಮೊಟಕುಗೊಳಿಸುವ ಆಸೆ ಹುಟ್ಟುತ್ತದೆ. ಆ ಭಯ ಎಂಥದೆಂದು ನನಗೆ ಗೊತ್ತು. ಆದರೂ ಹೀಗೆಯೇ ಹೇಳುತ್ತೇನೆ. ನನ್ನಾಕೆ ಗುಣವಾದದ್ದು ಕೂಡ ಔಷಧಕ್ಕೆ ಸಾಕ್ಷ್ಯವಾಗದು. ಒಬ್ಬರ ಕಥೆ ಒಬ್ಬರ ಕಥೆಯಷ್ಟೆ; ಸಾಕ್ಷ್ಯವಿರುವುದು ಆ 450 ಮಂದಿಯ ಲೆಕ್ಕದಲ್ಲಿ.

ಕೊನೆಯದಾಗಿ ಒಂದು ಮಾತು. ಆ ವರ್ಷ ಔಷಧ ಹಾಕಿಸಿಕೊಳ್ಳುವ ಕೋಣೆಯಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲಿ ಮಂಡ್ಯ ಕಡೆಯ ಒಬ್ಬ ಹೆಣ್ಣುಮಗಳು ಕೂರುತ್ತಿದ್ದಳು. ನಲವತ್ತು ದಾಟಿರಲಿಲ್ಲ. ನನ್ನಾಕೆಯ ರೋಗವೇ, ಅದೇ ಔಷಧ, ಅದೇ ದಿನಗಳು. ಇಬ್ಬರೂ ಹುರಿಗಡಲೆ ಹಂಚಿಕೊಂಡು ತಿನ್ನುತ್ತಿದ್ದರು. ನಾಲ್ಕನೆಯ ಬಾರಿ ಆದಮೇಲೆ ಆಕೆ ಬರಲಿಲ್ಲ. ಹಸು ಮಾರಿದ್ದಾಯಿತು, ಇನ್ನು ಆಗುವುದಿಲ್ಲವೆಂದು ಗಂಡ ಹೇಳಿ ಕರೆದುಕೊಂಡು ಹೋದನಂತೆ. ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮ್ಯಾಬನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದೂ ಅದೇ 2015ರಲ್ಲಿ. ಕಾಲು ಭಾಗ ಅಗ್ಗವಾದದ್ದರಿಂದ ನಮ್ಮ ತೋಟ ಉಳಿಯಿತು. ಆಕೆಗೆ ಅದು ಸಾಲಲಿಲ್ಲ. ಮಾಡುವ ವಿದ್ಯೆಯನ್ನು ನಾವು ಕಲಿತೆವು. ಆ ಕುರ್ಚಿಯವರೆಗೆ ಮುಟ್ಟಿಸುವ ಕೆಲಸ ಬಾಕಿ ಇದೆ. ನಿಮ್ಮಲ್ಲಿ ಅನೇಕರು ಈಗ ಬ್ಯಾಂಕುಗಳಲ್ಲಿ, ಸರ್ಕಾರದಲ್ಲಿ, ಆಸ್ಪತ್ರೆಗಳಲ್ಲಿ ದೊಡ್ಡ ಹುದ್ದೆಗಳಲ್ಲಿದ್ದೀರಿ. ಅದಕ್ಕಾಗಿಯೇ ಇದನ್ನು ಬರೆದೆ.

ನನ್ನಾಕೆ ಇದನ್ನು ಓದಿ, "ಅಳುವ ಹಾಗೆ ಬರೆಯಬೇಡಿ ಎಂದಿದ್ದೆನಲ್ಲ" ಎಂದಳು. ಆ ಪರಂಗಿಕಾಯಿಯ ಪಲ್ಯ ಚೆನ್ನಾಗಿತ್ತು. ಬೇಯಿಸಿದ ಮೇಲೆ ಅದರ ಹಾಲು ನಿರುಪದ್ರವಿ. ಏಕೆಂದು ನಿಮಗೀಗ ಗೊತ್ತು. ಈ ಕಡೆ ಬಂದಾಗ ಮನೆಗೆ ಬನ್ನಿ.